ಕರೆಯುವ ಕಲ್ಲು

ಕಾಗವಾಡದ ಕಡೆ ಭೀಮಗೊಂಡ ಪಾಟೀಲ ಎದುರಾದರೆ ಜನ ಮೊದಲು ಅವನ ಕೈ ನೋಡುತ್ತಾರೆ, ಆಮೇಲೆ ಮುಖ. ಹೊಲದ ಬದುವಿನ ಜಗಳ ಇರಲಿ, ಚಹಾದಂಗಡಿಯ ಹರಟೆ ಇರಲಿ, ಅವನ ಬಾಯಿಗಿಂತ ಮೊದಲು ಕೈ ಮಾತಾಡುತ್ತದೆ. ಜೈನರ ಮನೆಯಲ್ಲಿ ಹುಟ್ಟಿದವ. ಹೊತ್ತು ಮುಳುಗುವ ಮೊದಲು ಉಣ್ಣುವವ, ನೀರು ಸೋಸಿ ಕುಡಿಯುವವ, ಇರುವೆ ಕಂಡರೆ ಸುತ್ತು ಹಾಕಿ ನಡೆಯುವ ತಾಯಿಯ ಮಗ. ಆದರೆ ಎದುರಿಗೆ ಒಬ್ಬನ ದವಡೆ ಕಂಡಿತೆಂದರೆ ಆ ಧರ್ಮವೆಲ್ಲ ಎತ್ತ ಹೋಗುತ್ತದೋ ಏನೋ.

ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳುವವರಿಗೆ ಅವನ ಅಕ್ಕ ಕಮಲಾಬಾಯಿಯ ಸಂಗತಿ ಗೊತ್ತಿಲ್ಲ. ಅವಳು ಸಣ್ಣವಳಿದ್ದಾಗ ಜ್ವರ ಬಂದು ಎರಡೂ ಕಿವಿ ಹೋದವು. ಕಿವಿ ಕೇಳದವರನ್ನು ಕರೆಯಲು ಅವರ ಊರಲ್ಲಿ ಒಂದೇ ಪದ್ಧತಿ ಇತ್ತು, ಬೆನ್ನಿಗೆ ಒಂದು ಹೆಂಟೆ ಒಗೆಯುವುದು. ಹಿತ್ತಲಲ್ಲಿ ಕೂತವಳಿಗೆ ಬಾಗಿಲಿಂದ ಒಂದು ಮಣ್ಣಿನ ಹೆಂಟೆ ಒಗೆದರೆ ಅವಳು ತಿರುಗಿ ನೋಡಿ, ನಕ್ಕು, ಎದ್ದು ಬರುತ್ತಿದ್ದಳು. ಹೆಸರು ಹಿಡಿದು ಕೂಗಿದಷ್ಟೇ ಅದು ಸಹಜ. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಒಂದು ಸಂಜೆ ಅಜ್ಜಿ ಗಂಗೂಬಾಯಿ ಉಣ್ಣಲು ಕರೆಯಲೆಂದು ಒಗೆದ ಹೆಂಟೆಯೊಳಗೆ ಹರಳಿತ್ತು. ಅದೇ ಗಳಿಗೆಗೆ ಹುಡುಗಿ ತಾನಾಗಿ ತಿರುಗಿದಳು. ಎಡಗಣ್ಣು ಒಡೆಯಿತು. ಅಜ್ಜಿ ಎದೆ ಬಡಿದುಕೊಂಡು ಅಳುತ್ತಿರುವಾಗ ಭೀಮಗೊಂಡ ಓಡಿ ಬಂದು ಅವಳ ಮುಂಗೈ ಕಚ್ಚಿ ಹಿಡಿದ. ಬಿಡಿಸಲು ಮನೆಯವರೆಲ್ಲ ಕೂಡಬೇಕಾಯಿತು. ಅಜ್ಜಿ ಸಾಯುವತನಕ ಅವಳ ಕೈಮೇಲೆ ಆ ಹಲ್ಲಿನ ಗುರುತು ಇತ್ತು.

ಕಮಲಾಬಾಯಿ ಹದಿನಾರಕ್ಕೆ ಬಂದಾಗ ರಸ್ತೆಯಲ್ಲಿ ಹಿಂದಿನಿಂದ ಕಬ್ಬಿನ ಲಾರಿ ಬಂತು. ಹಾರ್ನ್ ಹೊಡೆದಿದ್ದೆ ಎಂದು ಡ್ರೈವರ್ ದೇವರ ಮೇಲೆ ಆಣೆ ಮಾಡಿದ. ಹೊಡೆದಿದ್ದ, ಸುಳ್ಳಲ್ಲ. ಇಡೀ ಊರಿಗೆ ಕೇಳಿಸಿತ್ತು.

ಎಂಬತ್ತೇಳನೆಯ ಇಸವಿಯಲ್ಲಿ ಭೀಮಗೊಂಡ ಬಿ.ಎ. ಓದಲು ಚಿಕ್ಕೋಡಿಗೆ ಬಂದು ಬೋರ್ಡಿಂಗಿನಲ್ಲಿ ಉಳಿದ. ಬೆಳಗ್ಗೆ ತಾಲೀಮಿನ ಕೆಂಪು ಮಣ್ಣಲ್ಲಿ ಕುಸ್ತಿ, ಹಗಲು ಕಾಲೇಜು, ಸಂಜೆ ಯಾರ ಜೊತೆಗಾದರೂ ಒಂದು ತಕರಾರು. ಅವನ ಕೋಣೆಯ ಜೊತೆಗಾರ ಪಾರಿಸ, ಅಥಣಿ ಕಡೆಯ ಸಣಕಲ ಹುಡುಗ, ಒಂದು ದಿನ ಬಂದು ಹೇಳಿದ:

“ಭೀಮ್ಯಾ, ಮಾಸ್ತರಕಿ ಟ್ರೇನಿಂಗ್ ಮಾಡೂ ಹುಡುಗಿ ಒಬ್ಬಾಕಿ ಕಾಲೇಜಿಗೆ ಬಂದಾಳ. ಕಿವಿ ಕೇಳದ ಮಕ್ಕಳಿಗೆ ಐತವಾರ ಸಾಲಿ ತಗೀತಾಳಂತ. ಕಲಸಾಕ ನಮ್ಮಂಥಾ ಹುಡುಗೂರು ಬೇಕಂತ.”

ಭೀಮಗೊಂಡ ಉಣ್ಣುವ ತಾಟು ಬಿಟ್ಟು ಎದ್ದ.

ಆ ಹುಡುಗಿ ಸುಂದರಾ ಕಾಂಬಳೆ. ತಂದೆ ಸರಕಾರಿ ಕಚೇರಿಯಲ್ಲಿ ಸಿಪಾಯಿ, ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ. ಗಡಿಯಾಚೆ ಒಂದು ಕಿವುಡರ ಶಾಲೆಯಲ್ಲಿ ಒಂದು ತಿಂಗಳ ಕಾಲ ಇದ್ದು ಕಲಿಸುವ ಕೆಲಸ ನೋಡಿಕೊಂಡು ಬಂದಿದ್ದಳು. ದೊಡ್ಡವರು, ಪಂಚಾಯಿತಿಯವರು ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ನಾವು ಓದುವ ಹುಡುಗರೇ ಮಾಡೋಣ ಎಂದು ಹೊರಟಿದ್ದಳು. ಒಂದು ಖಾಲಿ ತಂಬಾಕಿನ ಗೋದಾಮು ಸಿಕ್ಕಿತ್ತು. ಗೋಡೆಯ ಘಾಟಿಗೆ ಒಳಗೆ ಕಾಲಿಟ್ಟವರು ಮೊದಲು ಸೀನಬೇಕು, ಆಮೇಲೆ ಮಾತು.

“ಪಾಟೀಲ, ನಿನಗ ಮಕ್ಕಳಿಗೆ ಕಲಸಾಕ ಬರ್ತೈತೇನ?” ಎಂದು ಅವಳು ಕೇಳಿದಳು.

“ಹೊಡ್ಯಾಕ ಬರ್ತೈತಿ.”

“ಅದು ಊರ ಮಂದಿಗೆಲ್ಲಾ ಬರ್ತೈತಿ. ಕುಂಡ್ರು ಅಲ್ಲಿ.”

ಅವನಿಗೆ ಹೀಗೆ ಮಾತಾಡಿದವರು ಕಡಿಮೆ. ಕೂತ.

ಅವಳ ಕ್ರಮ ಸರಳ. ಒಬ್ಬ ವಿದ್ಯಾರ್ಥಿಗೆ ಒಂದು ಮಗು. ಕಾಲೇಜಿಗೆ ರಜೆಯಿರುವ ಐತವಾರ ಆ ಮಗುವಿನ ಊರಿಗೆ ಸೈಕಲ್ಲಿನ ಮೇಲೆ ಹೋಗಿ ಕರೆತರಬೇಕು, ಎದುರಿಗೆ ಬೆಳಕಲ್ಲಿ ಕೂರಿಸಿಕೊಂಡು ತುಟಿ ಓದಲು ಕಲಿಸಬೇಕು, ಗಂಟಲ ಮೇಲೆ ಕೈ ಇಡಿಸಿ ದನಿ ಹೊರಡಿಸಬೇಕು, ಸಂಜೆ ಮನೆಗೆ ಮುಟ್ಟಿಸಬೇಕು. ಮನೆಯವರಿಗೂ ಕಲಿಸಬೇಕು. ಭೀಮಗೊಂಡನ ಪಾಲಿಗೆ ಬಂದವನು ಕರೋಶಿಯ ಧೂಳಪ್ಪ, ಒಂಬತ್ತು ವರ್ಷದವ. ಅಪ್ಪ ಗುರಪ್ಪ, ಅವ್ವ ತುಳಸವ್ವ, ಇಬ್ಬರೂ ಮಂದಿಯ ಹೊಲದಲ್ಲಿ ದುಡಿಯುವವರು. ಹುಡುಗನ ಕಣ್ಣು ಚುರುಕು, ನಗು ದೊಡ್ಡದು. ಭೀಮಗೊಂಡನ ಗಂಟಲ ಮೇಲೆ ಕೈಯಿಟ್ಟು, ಬಾಯಿಯ ಮುಂದೆ ಹಿಡಿದ ದೀಪದ ಉರಿ ಉಸಿರಿಗೆ ಅಲ್ಲಾಡುವ ಹಾಗೆ ತುಟಿ ಬಿಚ್ಚಿ, “ಅಪ್ಪ” ಎಂದು ಮೊದಲ ಸಲ ಅಂದ ದಿನ ಈ ಗಟ್ಟಿ ಆಸಾಮಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಪಾರಿಸ ನಗಲಿಲ್ಲ. ನಕ್ಕರೆ ಹಲ್ಲು ಉಳಿಯುತ್ತಿರಲಿಲ್ಲ.

ಆದರೆ ಧೂಳಪ್ಪನಲ್ಲಿ ಒಂದು ಹೆದರಿಕೆಯ ಸಂಗತಿ ಇತ್ತು. ಅವನಿಗೂ ಹುಟ್ಟಿದಾಗಿನಿಂದ ಕರೆ ಎಂದರೆ ಕಲ್ಲು. ಮೈಗೆ ಏನು ತಾಗಿದರೂ, ಹರಳು, ಹೆಂಟೆ, ಮರದಿಂದ ಉದುರಿದ ಕಾಯಿ, ಯಾವುದೇ ಇರಲಿ, ಅವನು ಹಿಂದೆ ಸರಿಯುತ್ತಿರಲಿಲ್ಲ. ಅದು ಬಂದ ದಿಕ್ಕಿಗೆ ತಿರುಗಿ, ಯಾರೋ ಕರೆದರೆಂದು ನಗುತ್ತ ನಡೆದುಬಿಡುತ್ತಿದ್ದ. ಗೋದಾಮಿನ ಹೊರಗೆ ಪುಂಡ ಹುಡುಗರು ಇದನ್ನು ಕಂಡುಹಿಡಿದು ಆಟ ಮಾಡಿಕೊಂಡರು. ಕಲ್ಲು ಒಗೆಯುವುದು, ಅವನು ಹತ್ತಿರ ಬಂದರೆ ಇನ್ನೊಂದು ಒಗೆಯುವುದು. ಭೀಮಗೊಂಡ ಅವರಲ್ಲಿ ಇಬ್ಬರ ತಲೆಗೆ ತಲೆ ಕುಟ್ಟಿ ಕಳಿಸಿದ. ಸುಂದರಾ ಮಾತ್ರ ತಲೆ ಕೆಡಿಸಿಕೊಂಡಳು.

“ಇದು ಆಟ ಅಲ್ಲ ಪಾಟೀಲ. ಇವಂಗ ಓದು ಬರಹ ಆಮ್ಯಾಲ. ಮೊದಲ ಇದನ್ನ ಬಿಡಸಬೇಕು. ಕಲ್ಲು ಬಂದ ಕಡೆ ಹೋಗೂ ಹುಡುಗ ಬಾಳ ದಿನ ಉಳಿಯಂಗಿಲ್ಲ.”

ಅಕ್ಕನನ್ನು ಲಾರಿಯ ಗಾಲಿಯ ಕೆಳಗಿಂದ ಎಳೆದವನಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ. ಆ ಸುಗ್ಗಿಯ ತನಕ ಅವನು ಬೇರೇನೂ ಕಲಿಸಲಿಲ್ಲ. ಎದುರಿಗೆ ಬಂದು ಕೈ ಬೀಸಿದರೆ ಅದು ಕರೆ. ಹೆಗಲ ಮೇಲೆ ಮೆಲ್ಲಗೆ ತಟ್ಟಿದರೆ ಅದು ಕರೆ. ಕಲ್ಲು ಬಿದ್ದರೆ ಕೂತುಕೋ, ಓಡು, ಅಡಗು. ಹುಡುಗ ಅರ್ಧ ಕಲಿತಿದ್ದ. ಗೋದಾಮಿನಲ್ಲಿ ಕಲಿತದ್ದು ಕರೋಶಿಯಲ್ಲಿ ಅಳಿಸಿಹೋಗುತ್ತಿತ್ತು. ಯಾಕೆ ಎಂದು ಗೊತ್ತಾದದ್ದು ಜೋಳ ತೆನೆ ಬಿಟ್ಟಾಗ.

ಅವತ್ತು ಐತವಾರ ಭೀಮಗೊಂಡ ಮನೆಗೆ ಹೋದರೆ ಬೀಗ. ಹೊಲಕ್ಕೆ ಹೋದ. ಸೈಕಲ್ಲಿನ ಗಾಲಿ ಗಾಳಿ ಬಿಟ್ಟಿತ್ತು, ಪಂಪು ಕೈಯಲ್ಲೇ ಇತ್ತು. ಜೋಳದ ನಡುವೆ ಅಟ್ಟದ ಮೇಲೆ ಗುರಪ್ಪ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ.

“ಬರ್ರಿ ಪಾಟೀಲ್ರ, ಬರ್ರಿ! ಹುಡುಗ ಆ ಬದುವಿನ ಮ್ಯಾಲ ಅದಾನ. ತಡೀರಿ, ಕರೀತೇನಿ.”

ಅಂದವನೇ ಕವಣೆಗೆ ಕಲ್ಲಿಟ್ಟು, ತಲೆಯ ಮೇಲೆ ತಿರುಗಿಸಿ ಬಿಟ್ಟ. ದೂರದಲ್ಲಿ ಬೆನ್ನು ಮಾಡಿ ಕೂತ ಧೂಳಪ್ಪ ಹಿಮ್ಮಡ ಹಿಡಿದುಕೊಂಡು ಎದ್ದ, ತಿರುಗಿದ, ಹಲ್ಲು ಬಿಟ್ಟು ಓಡಿ ಬರತೊಡಗಿದ.

“ಹೆಂಗ?” ಗುರಪ್ಪ ಮೀಸೆಯಲ್ಲೇ ನಕ್ಕ. “ಇನ್ನೂತನಕ ಒಮ್ಮೆನೂ ತಪ್ಪಿಲ್ರಿ. ಹಿಮ್ಮಡ ಅಂದ್ರ ಹಿಮ್ಮಡ, ತೋಳು ಅಂದ್ರ ತೋಳು. ಹಕ್ಕಿಗೆ ಒಗಿಯೂ ಜೋರು ಬ್ಯಾರೆ, ಮಗಗ ಒಗಿಯೂದು ಬ್ಯಾರೆ.”

“ಇಳಿ ಕೆಳಗ.”

“ಯಾಕ್ರಿ?”

“ಇಳಿ ಅಂದ್ನೆಲ್ಲ!”

ಗುರಪ್ಪ ಇಳಿದ. ಪಂಪಿನ ಮೊದಲ ಏಟು ಬೆನ್ನಿಗೆ ಬಿತ್ತು, ಎರಡನೆಯದು ಮೊಣಕಾಲಿಗೆ. ಬಿದ್ದವನು ಮುಖ ಉಳಿಸಿಕೊಳ್ಳಲು ಬಲಗೈ ಅಡ್ಡ ತಂದ. ಆಮೇಲಿನ ಏಟುಗಳೆಲ್ಲ ಆ ಕೈಮೇಲೆ. ಹಸಿ ಕಬ್ಬು ಮುರಿದ ಹಾಗೆ ಸಪ್ಪಳ ಬಂತು. “ಕಲ್ಲು ಅಲ್ರೀ ಅದು, ಅವಂಗ ಅದ ನನ್ನ ದನಿ! ಅದ ನನ್ನ ದನಿ!” ಎಂದು ಗುರಪ್ಪ ಅರಚುತ್ತಲೇ ಇದ್ದ, ಭೀಮಗೊಂಡ ಬಾರಿಸುತ್ತಲೇ ಇದ್ದ. ಹುಲ್ಲು ಕೊಯ್ಯುತ್ತಿದ್ದ ತುಳಸವ್ವ ಕುಡುಗೋಲು ಹಿಡಿದು ಓಡಿ ಬಂದಳು.

“ಏ ಸಾವಕಾರ! ನನ್ನ ಗಂಡ ನಿಂದೇನ ಕದ್ದಾನೋ? ನಿನ್ನ ಕೈಗೆ ಕರೇ ಹಾವು ಕಡೀಲಿ! ನಿನ್ನ ರಟ್ಟಿ ಕೊಳೀಲಿ!”

ಅವಳಿಗಿಂತ ಮೊದಲು ಧೂಳಪ್ಪ ಬಂದು ಮುಟ್ಟಿದ್ದ. ಅಪ್ಪನ ಮಡಿಲಿಂದ ಚೆಲ್ಲಿದ ಕವಣೆಕಲ್ಲು ಎತ್ತಿ ಭೀಮಗೊಂಡನ ಬಾಯಿಗೆ ಗುದ್ದಿದ. ತುಟಿ ಸೀಳಿತು. ಭೀಮಗೊಂಡ ಪಂಪು ಅಲ್ಲೇ ಬಿಸಾಕಿ, ರಕ್ತ ಉಗುಳುತ್ತ, ಗಾಳಿ ಇಲ್ಲದ ಸೈಕಲ್ಲು ತಳ್ಳಿಕೊಂಡು ಚಿಕ್ಕೋಡಿಗೆ ನಡೆದ.

ಸುಂದರಾ ಸಂಗತಿ ಪೂರಾ ಕೇಳಿದಳು. ಸಿಟ್ಟಿಗೆದ್ದಾಗ ಅವಳ ದನಿ ಏರುವುದಿಲ್ಲ, ಇಳಿಯುತ್ತದೆ.

“ಕೈ ಮುರದಿ. ಚಲೋ ಆತು. ಇನ್ನ ಅವ ಕಲ್ಲು ಒಗಿಯಂಗಿಲ್ಲ, ಮಗನ್ನ ಕಳಸಂಗೂ ಇಲ್ಲ. ಸಮಾಧಾನ ಆತಿಲ್ಲೊ?”

“ಅವ ಹುಡುಗಗ ಕಲ್ಲು ಹೊಡೀತಿದ್ದ, ಸುಂದರಾ!”

“ಮತ್ತ ನೀ ಏನ ಹೂವು ಹಾಕಿ ಬಂದಿ?” ಎಂದಳು. “ಅವಂಗ ತಿಳೀಲಿಲ್ಲ ಅಂದ್ರ ತಿಳಸೂದು ನಮ್ಮ ಕೆಲಸ ಆಗಿತ್ತು. ಹುಡುಗ ಅರ್ಧಕ್ಕ ನಿಂತಾನ. ನಾಳೆ ಯಾರದರ ಕಲ್ಲಿನ ಹಿಂದ ಹೋಗಿ ಸತ್ತ ಅಂದ್ರ ಅದು ನಿನ್ನ ತಲಿಮ್ಯಾಲ.”

ಅವಳು ಕರೋಶಿಗೆ ಹೋಗಿ ಕೈಮುಗಿದಳು. ತುಳಸವ್ವ ಬಾಗಿಲು ತೆಗೆಯಲಿಲ್ಲ. ಪಾರಿಸನೂ ಹೋಗಿ ಬಂದ. ಭೀಮಗೊಂಡನಿಗೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಹೊಲಿಗೆ ಹಾಕಿದ ತುಟಿ ಅದಕ್ಕೆ ನೆಪ. ಐತವಾರಗಳು ಹೋದವು. ಗೋದಾಮಿನಲ್ಲಿ ಉಳಿದ ಮಕ್ಕಳು ಕಲಿಯುತ್ತಿದ್ದರು. ಭೀಮಗೊಂಡ ಮೂಲೆಯಲ್ಲಿ ಯಾರೂ ಇಲ್ಲದ ಚಾಪೆಯ ಮುಂದೆ ಕೂತು ಎದ್ದು ಹೋಗುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಚಿಕ್ಕೋಡಿಯಲ್ಲಿ ಸಂತೆಯ ದಿನವೇ ಜಂಗಿ ಕುಸ್ತಿ ಇಟ್ಟಿದ್ದರು. ಭೀಮಗೊಂಡನ ತಾಲೀಮಿನ ಬಾಳಾಸಾಬ ನಿಪ್ಪಾಣಿ ಕಡೆಯ ಪೈಲವಾನನ ಮೇಲೆ ಬಿದ್ದ. ಚಿತ್ ಆಯಿತು ಎಂದು ಇವರು, ಬೆನ್ನು ನೆಲಕ್ಕೆ ಹತ್ತಲೇ ಇಲ್ಲ ಎಂದು ಅವರು. ಪಂಚರು ಒಂದು ಮಾತು ಹೇಳುವುದರೊಳಗೆ ಯಾರೋ ಯಾರದೋ ರುಮಾಲು ಕಿತ್ತರು. ಮಣ್ಣಿನಿಂದ ಎದ್ದ ಜಗಳ ಸಂತೆಯ ರಸ್ತೆಗೆ ಬಂತು. ರಸ್ತೆ ಮಾಡಲು ಒಟ್ಟಿದ ಖಡಿ ಕಲ್ಲಿನ ರಾಶಿ ಎರಡೂ ಬದಿಗೆ ಇತ್ತು. ಅದಕ್ಕಿಂತ ಇನ್ನೇನು ಬೇಕು? ಆ ಬದಿಯಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ ಕಲ್ಲು ಹಾರಿದವು. ಬದನೆಕಾಯಿಯ ಬುಟ್ಟಿ ಬಿಟ್ಟು ಹೆಂಗಸರು ಓಡಿದರು. ಬಳೆಯಂಗಡಿ ಪುಡಿಯಾಯಿತು. ಒಬ್ಬ ಮುದುಕ ಹಣೆ ಹಿಡಿದು ಕೂತ, ಬೆರಳ ಸಂದಿಯಲ್ಲಿ ರಕ್ತ ಸುರಿಯುತ್ತಿತ್ತು. ಭೀಮಗೊಂಡ ಎಲ್ಲಿದ್ದ? ಎಲ್ಲಕ್ಕಿಂತ ಮುಂದೆ. ಎರಡೂ ಕೈಯಿಂದ ಎತ್ತಿ ಎತ್ತಿ ಬೀಸುತ್ತಿದ್ದ, ಬಾಯಲ್ಲಿ ಬೈಗುಳ.

ಅದೇ ದಿನ ಗುರಪ್ಪ ಮುರಿದ ಕೈಯ ಕಟ್ಟು ಬದಲಿಸಿಕೊಳ್ಳಲು ಪೇಟೆಗೆ ಬಂದಿದ್ದ. ಮಗನೂ ಜೊತೆಗಿದ್ದ. ಗಲಾಟೆ ಕಂಡು ಓಣಿಯ ಬಾಯಲ್ಲಿ ಇಬ್ಬರೂ ನಿಂತರು. ಎಲ್ಲಿಂದಲೋ ಪುಟಿದ ಒಂದು ಖಡಿಚೂರು ಧೂಳಪ್ಪನ ತೋಳಿಗೆ ತಾಗಿತು.

ಹುಡುಗ ತಿರುಗಿದ. ಅದು ಬಂದ ದಿಕ್ಕು ನೋಡಿದ. ಅಪ್ಪನ ಕೈ ಕೊಸರಿ ನಡುರಸ್ತೆಗೆ ನಡೆದ.

ಭೀಮಗೊಂಡನಿಗೆ ಕಂಡದ್ದು ಅವನ ಬೆನ್ನು. ಕಲ್ಲುಗಳ ನಡುವೆ ಸಾವಕಾಶ ನಡೆಯುವ ಸಣ್ಣ ಬೆನ್ನು. ಇನ್ನೊಂದು ಕಲ್ಲು ಮೊಣಕಾಲಿಗೆ ಬಡಿಯಿತು. ಹುಡುಗ ಒಂದು ಹೆಜ್ಜೆ ಎಡವಿ, ಇನ್ನೂ ಬೇಗ ನಡೆದ. ಇಷ್ಟು ಜನ ಒಮ್ಮೆಗೇ ಕರೆಯುತ್ತಿದ್ದಾರೆ, ಹೋಗದೆ ಇರುವುದು ಹೇಗೆ? ಆ ಬದಿಯವರ ಕಣ್ಣಿಗೆ ಧೂಳು, ನೆತ್ತಿಗೆ ಸಿಟ್ಟು. ಮಗು ಯಾರಿಗೂ ಕಾಣುತ್ತಿರಲಿಲ್ಲ.

“ಧೂಳ್ಯಾ! ಏ ಧೂಳ್ಯಾ!” ಭೀಮಗೊಂಡ ಗಂಟಲು ಹರಿದುಕೊಂಡ. ಆ ಗಂಟಲ ಮೇಲೆ ಕೈಯಿಟ್ಟು ಮಾತು ಕಲಿತ ಹುಡುಗನಿಗೆ ಆ ಕೂಗು ಎಲ್ಲಿಂದ ಕೇಳಬೇಕು?

ಪಕ್ಕದ ಓಣಿಯ ಬಾಯಲ್ಲಿ ಗುರಪ್ಪ ನಡುವಿಗೆ ಸಿಕ್ಕಿಸಿದ ಕವಣೆ ಎಳೆದು ಎಡಗೈಯಿಂದ ತಿರುಗಿಸಿದ. ಕಲ್ಲು ಅವನ ಕಾಲ ಬುಡದಲ್ಲೇ ಬಿತ್ತು. ಮತ್ತೆ ತಿರುಗಿಸಿದ, ಮತ್ತೆ ಬಿತ್ತು. ದಬ್ಬೆ ಕಟ್ಟಿದ ಬಲಗೈಯನ್ನು ಗೋಡೆಗೆ ಬಡಿದುಕೊಂಡು ಅವನು ಕೂಗಿದ:

“ಹೊಡೀರಿ ಪಾಟೀಲ್ರ! ನನ್ನ ಮಗಗ ಹೊಡೀರಿ! ನಿಮ್ಮ ಕಾಲು ಹಿಡೀತೇನಿ, ಒಂದು ಹೊಡೀರಿ, ತಿರಗ್ತಾನ!”

ಭೀಮಗೊಂಡನ ಕೈಯಲ್ಲಿ ಖಡಿ ಇತ್ತು. ಮೆಲ್ಲಗೆ ಒಗೆಯಬೇಕು ಎಂದು ಗೊತ್ತಿತ್ತು. ತೋಳಿಗೆ, ಇಲ್ಲ ಹಿಮ್ಮಡಕ್ಕೆ. ಆದರೆ ಮೆಲ್ಲಗೆ ಒಗೆಯುವುದನ್ನು ಆ ಕೈ ಎಂದೂ ಕಲಿತಿರಲಿಲ್ಲ. ಒಗೆದ.

ಅದು ತಲೆಯ ಹಿಂಬದಿಗೆ ಬಡಿಯಿತು. ಧೂಳಪ್ಪ ತಿರುಗಿದ, ಇವರನ್ನು ಕಂಡ, ಕಂಡೆ ಎಂಬ ಹಾಗೆ ತುಟಿ ಅಲ್ಲಾಡಿಸಿದ. ಆಮೇಲೆ ಮಡಚಿ ಬಿದ್ದ.

ಭೀಮಗೊಂಡ ಓಡಿದ. ಅಡ್ಡ ಬಂದವನ ಮೂಗು ಒಡೆದ, ಇನ್ನೊಬ್ಬನ ಪಕ್ಕೆಗೆ ಒದ್ದ. ಅವನು ತನ್ನ ತಾಲೀಮಿನವನೋ ಆ ಬದಿಯವನೋ ನೋಡಲಿಲ್ಲ. ಹುಡುಗನ ಮೇಲೆ ಬೋರಲು ಬಿದ್ದು ಮೈ ಮುಚ್ಚಿದ. ಬೆನ್ನ ಮೇಲೆ, ತಲೆಯ ಮೇಲೆ ಕಲ್ಲು ಬೀಳುತ್ತಲೇ ಇದ್ದವು. ಕೆಳಗೆ ಆ ಸಣ್ಣ ಎದೆ ಏರಿಳಿಯುತ್ತಿದೆಯೇ ಎಂದಷ್ಟೇ ಅವನು ಎಣಿಸುತ್ತಿದ್ದ. ಏರಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಹುಡುಗನ ತಲೆಗೆ ಹೊಲಿಗೆ ಹಾಕಿದರು. ಜ್ವರ ಏರಿತು, ವಾಂತಿಯಾಯಿತು, ಆಮೇಲೆ ಕಣ್ಣು ತೆರೆದು ಅವ್ವನ ಗುರುತು ಹಿಡಿದ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಗುರಪ್ಪ ಹೊರಗಿನ ಪಡಸಾಲೆಗೆ ಬಂದ. ಅಲ್ಲಿ ಭೀಮಗೊಂಡ ಊದಿದ ಬೆನ್ನು ಗೋಡೆಗೆ ತಾಗದಂತೆ ಕೂತಿದ್ದ. ಸುಂದರಾ ಕಂಬಕ್ಕೊರಗಿ ನಿಂತಿದ್ದಳು. ಹೊಡೆಯುತ್ತಾನೆ, ಹೊಡೆಯಲಿ ಎಂದು ಭೀಮಗೊಂಡ ಮುಖ ಎತ್ತಿದ. ಗುರಪ್ಪ ಅವನೆದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

“ಒಂದು ಕೇಳ್ತೇನ್ರಿ ಪಾಟೀಲ್ರ, ಖರೇ ಹೇಳ್ರಿ. ಆ ಕಲ್ಲು ಒಗಿಯಾಗ ನಿಮ್ಮ ಕೈಯಾಗ ಸಿಟ್ಟಿತ್ತೇನ್ರಿ?”

“ಇತ್ತು.”

“ಯಾರ ಮ್ಯಾಲ?”

“ಗೊತ್ತಿಲ್ಲ.”

“ನನ್ನ ಕೈಯಾಗ ಎಂದೂ ಇರಲಿಲ್ರಿ,” ಎಂದ ಗುರಪ್ಪ. ಆಮೇಲೆ ಸುಂದರಾಳ ಕಡೆ ತಿರುಗಿದ. “ಅಕ್ಕಾರ, ನನ್ನ ಕೈ ಇನ್ನ ಕವಣಿ ಹಿಡಿಯಂಗಿಲ್ಲ ಅಂತ ಎಲುಬು ಕಟ್ಟಾಂವ ಹೇಳಿದ. ಮಗನ್ನ ಕರಿಯೂದು ಹೆಂಗ ಅಂತ ನನಗೂ ಕಲಸ್ರಿ. ಐತವಾರ ನಾನ ಕರಕೊಂಡು ಬರ್ತೇನಿ. ಆದ್ರ ಇವ್ರು ಅಲ್ಲಿ ಇರಬಾರದು.”

ಭೀಮಗೊಂಡ ಎದ್ದು ನಿಂತ. “ಅವಂಗ ಅಪ್ಪ ಅನ್ನಾಕ ಕಲಸಿದಾಂವ ನಾನು! ಅಲ್ಲಿ ಇರಬ್ಯಾಡ ಅನ್ನಾಕ ನೀ ಯಾವಾಂವಲೇ?” ಮುಷ್ಟಿ ಮೇಲೆ ಹೋಯಿತು. ಗುರಪ್ಪ ಈ ಸಲ ಕೈ ಅಡ್ಡ ತರಲಿಲ್ಲ, ತರಲು ಬಲಗೈಯೂ ಉಳಿದಿರಲಿಲ್ಲ. ಬಾಗಿಲಿಂದ ತುಳಸವ್ವ ನೋಡುತ್ತಿದ್ದಳು. ಅವಳ ಹಿಂದೆ ಮಂಚದ ಮೇಲಿನ ಹುಡುಗ ಕುತ್ತಿಗೆ ಎತ್ತಿ, ಎತ್ತಿದ ಮುಷ್ಟಿಯನ್ನು ಕಂಡು, ಚಾದರ ಮುಖದ ಮೇಲೆ ಎಳೆದುಕೊಂಡ.

ಮುಷ್ಟಿ ಕಂಬಕ್ಕೆ ಬಡಿಯಿತು. ಬೆರಳ ಗೆಣ್ಣಿನ ಚರ್ಮ ಸುಲಿದು ಸುಣ್ಣದ ಮೇಲೆ ಕೆಂಪು ಹತ್ತಿತು.

“ಸುಂದರಾ, ನೀ ಏನಂತಿ?”

“ನಾ ಏನ ಅನ್ನಲಿ? ಸಾಲಿ ಯಾರಿಗೆ ಐತಿ? ನಿನಗೋ, ಅವಂಗೋ?”

“ಅವಂಗ,” ಎಂದ ಭೀಮಗೊಂಡ. ಮೆಟ್ಟಿಲಿಳಿದು ಹೋದ.

ಮುಂದಿನ ಐತವಾರ ಅವನು ಬೆಳಗ್ಗೆಯೇ ತಾಲೀಮಿಗೆ ಹೋದ. ಬೋರ್ಡಿಂಗಿನಲ್ಲಿದ್ದರೆ ಕಾಲು ತಾನಾಗಿ ಗೋದಾಮಿನ ದಾರಿ ಹಿಡಿಯುತ್ತಿತ್ತು. ಮೈ ಇನ್ನೂ ನೀಲಿಯಾಗಿತ್ತು. ಬಾಳಾಸಾಬನನ್ನು ಕರೆದು ಕುಸ್ತಿಗೆ ನಿಂತ. ಬಾಳಾಸಾಬ ಅವನನ್ನು ಎತ್ತಿ ಒಗೆದ. ಇವನು ಎದ್ದ. ಬಾಳಾಸಾಬ ಮತ್ತೆ ಒಗೆದ.

“ಸಾಕೋ ಮಾರಾಯ, ಸಾಯ್ತೀ,” ಎಂದ ಬಾಳಾಸಾಬ.

“ಹಿಡೀಲೇ.”

ಹೊತ್ತು ನೆತ್ತಿಗೆ ಬಂದಾಗ ಪಾರಿಸ ಬಂದು ಬಾಗಿಲಲ್ಲಿ ನಿಂತ. ಭೀಮಗೊಂಡ ಮಣ್ಣಲ್ಲಿ ಅಂಗಾತ ಬಿದ್ದಿದ್ದ, ಮೂಗಿನಿಂದ ರಕ್ತ.

“ಬಂದಾನೇನ?”

“ಬಂದಾನ. ಎಲ್ಲಾರಕಿಂತ ಮೊದಲ.”

“ಗುರಪ್ಪ?”

“ಅವನೂ ಕುಂತಾನ, ಹುಡುಗೂರ ನಡಬರಕ. ಹೆಗಲ ತಟ್ಟೂದು ಕಲ್ಯಾಕತ್ತಾನ. ಎಡಗೈಯಿಂದ.”

“ಧೂಳ್ಯಾಗ ಯಾರ ಕಲಸಾಕತ್ತಾರ?”

ಪಾರಿಸ ಕಾಲಿನಿಂದ ನೆಲ ಕೆರೆದ. “ನಾನ. ಸುಂದರಾ ನನಗ ಹಚ್ಚಿದಳು. ನೀ ಸಿಟ್ಟಾಗಬ್ಯಾಡ.”

ಸಿಟ್ಟು ಬಂದಿತ್ತು. ಕುತ್ತಿಗೆಯ ನರ ಉಬ್ಬಿದ್ದು ಪಾರಿಸನಿಗೆ ಬಾಗಿಲಿಂದಲೇ ಕಂಡಿತು, ಒಂದು ಹೆಜ್ಜೆ ಹಿಂದೆ ಸರಿದ. ಭೀಮಗೊಂಡ ಎದ್ದು ಕೂತು ಮೂಗಿನ ರಕ್ತ ಒರೆಸಿಕೊಂಡ.

“ಅವಂಗ ‘ಮ’ ಅನ್ನಾಕ ಬರಂಗಿಲ್ಲ ಇನ್ನೂ. ‘ಮನಿ’ ಅನ್ನಾಕ ಹೊಂಟ್ರ ಬಾಯಿ ಬರೇ ತಗೀತಾನ. ಮೂಗಿನ ಮ್ಯಾಲ ಬಟ್ಟು ಇಡಸು, ಅಲ್ಲಿ ಗುಂಯ್ ಅಂತೈತಿ, ಅದು ಅವಂಗ ತಿಳೀತೈತಿ. ಅವಸರ ಮಾಡಬ್ಯಾಡ. ಗದರಬ್ಯಾಡ.”

“ಹೂಂ.”

“ಗದರಿದಿ ಅಂತ ನನಗ ಗೊತ್ತಾತಂದ್ರ ನಿನ್ನ ಕಾಲು ಮುರೀತೇನಿ.”

“ಹೂಂ,” ಎಂದು ಪಾರಿಸ ಮತ್ತೆ ಹೇಳಿ ಗೋದಾಮಿನ ಕಡೆ ಓಡಿದ.

ಭೀಮಗೊಂಡ ಎರಡೂ ಅಂಗೈಗೆ ಕೆಂಪು ಮಣ್ಣು ತಿಕ್ಕಿಕೊಂಡು ಎದ್ದು ನಿಂತ, ಬಾಳಾಸಾಬನ ಕಡೆ ನೋಡಿದ.